ಅರ್ಧ ಗಂಟೆ ಎಂದು ಬರೆದದ್ದು

ನಸ್ರೀನ್, ಆ ಸುಳ್ಳು ನನ್ನದು. ಅರ್ಧ ಗಂಟೆ ಕಾದು ನೋಡಿದೆ ಎಂದು ಬರೆದೆನಲ್ಲ — ಕಾದಿರಲಿಲ್ಲ. ಒಂದು ನಿಮಿಷ ಆಗಿತ್ತೋ ಇಲ್ಲವೋ. ಈರಣ್ಣನ ಕೈ ಹೋದದ್ದು ನನ್ನಿಂದ. ನಿನ್ನ ಹೆಸರು ಹೋದದ್ದೂ ನನ್ನಿಂದ.

ಓದುವ ಬೇರೆಯವರಿಗೂ ಗೊತ್ತಾಗಬೇಕು, ಅದಕ್ಕೆ ಮೊದಲಿಂದ ಹೇಳುತ್ತೇನೆ. ನಾನು ಮೋಟರ್ ರಿಪೇರಿಯವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಕಳ್ಳಂಬೆಳ್ಳದ ಸುತ್ತ ಯಾವ ತೋಟದಲ್ಲಿ ಮೋಟರ್ ಕೆಟ್ಟರೂ ನನಗೇ ಕರೆ ಬರುತ್ತಿತ್ತು. ಸದ್ದು ಕೇಳಿಯೇ ರೋಗ ಹೇಳುತ್ತಿದ್ದೆ. ಅದರ ಜಂಬ ನನಗಿತ್ತು — ಈಗಲೂ ಪೂರ್ತಿ ಹೋಗಿಲ್ಲ.

ನೀನು ಶಿರಾದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು. ಭಾನುವಾರ ಬಂದರೆ ಮಧುಗಿರಿಯ ಆ ಟ್ರಸ್ಟಿನಲ್ಲಿರುತ್ತಿದ್ದೆ. ಲಾಭ ನೋಡದ ಟ್ರಸ್ಟು ಅದು. ಸಂಬಳವಿಲ್ಲದೆ ಸಾಫ್ಟ್‌ವೇರ್ ಬರೆಯುವವರಿಗೆ ಜಾಗ, ಸಾಮಾನು ಕೊಡುತ್ತಿತ್ತು. ಬರೆದದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಒಯ್ಯಬಹುದು. ತೋಟದ ಮೋಟರನ್ನು ಫೋನಿನಿಂದ ನಡೆಸುವ ಡಬ್ಬಿಗೆ ನೀವೆಲ್ಲ ಸೇರಿ ಸಾಫ್ಟ್‌ವೇರ್ ಮಾಡುತ್ತಿದ್ದಿರಿ. ಅಲ್ಲಿ ಒಂದು ಕಟ್ಟುಪಾಡು: ಬರೆದವರೇ ಪಾಸು ಮಾಡುವಂತಿಲ್ಲ. ಇನ್ನೊಬ್ಬರು ನಿಜವಾದ ಮೋಟರಿಗೆ ಹಾಕಿ ನೋಡಿ, ಏನು ಮಾಡಿದೆ, ಏನು ಕಂಡೆ ಎಂದು ಎಲ್ಲರಿಗೂ ಕಾಣುವಂತೆ ತಮ್ಮ ಹೆಸರಿನಲ್ಲಿ ಬರೆಯಬೇಕು. ಆ ಇನ್ನೊಬ್ಬ ನಾನು. ನೀನು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದೆ. ಶಾಲೆ ಬಿಟ್ಟವನಿಗೆ ಆ ಮಾತು — ಅದನ್ನು ಕೇಳಲಿಕ್ಕೇ ಮಧುಗಿರಿ ಬಸ್ಸು ಹತ್ತುತ್ತಿದ್ದೆ ಎಂದರೂ ತಪ್ಪಲ್ಲ.

ನಮ್ಮ ಕಡೆ ಕರೆಂಟ್ ಬಂದ ತಕ್ಷಣ ಮೋಟರ್ ತಾನಾಗಿ ಓಡುವಂತೆ ಇಟ್ಟಿರುತ್ತಾರೆ. ನೀನು ಬರೆದದ್ದು ಅದಕ್ಕೊಂದು ತಡೆ: ಫೋನಿನಲ್ಲಿ ಆಫ್ ಮಾಡಿದ ಮೋಟರ್, ಕರೆಂಟ್ ಹೋಗಿ ಬಂದರೂ, ಮತ್ತೆ ಆನ್ ಮಾಡುವ ತನಕ ಓಡಬಾರದು. ಹೇಗೆ ಪರೀಕ್ಷೆ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು ಬಾಯಲ್ಲೂ ಹೇಳಿದೆ:

"ಅರ್ಧ ಗಂಟೆ ಕರೆಂಟ್ ತೆಗೆದೇ ಇಡಿ ಮೇಷ್ಟ್ರೇ, ಅವಸರ ಮಾಡ್ಬೇಡಿ. ಜಾಸ್ತಿ ಹೊತ್ತು ಕರೆಂಟ್ ಇಲ್ದಿದ್ರೆ ಡಬ್ಬಿ ಎಲ್ಲಾ ಮರೆತುಬಿಡುತ್ತೇನೋ ಅಂತ ನಂಗೆ ಅನುಮಾನ."

ನಿನ್ನ ಅನುಮಾನ ಸರಿಯಾಗಿತ್ತು.

ಪರಿಚಯದವನೊಬ್ಬನ ತೋಟದಲ್ಲಿ ಡಬ್ಬಿ ಕೂರಿಸಿ, ಫೋನಿನಲ್ಲಿ ಮೋಟರ್ ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿದೆ. ತೋಟದವನು ಸುಮ್ಮನಿರಲಿಲ್ಲ.

"ಏನ್ಲಾ, ಕರೆಂಟ್ ಕೊಡೋದೇ ಮೂರು ಗಂಟೆ. ಅದ್ರಲ್ಲೂ ನೀನು ಆಫ್ ಮಾಡ್ಕಂಡು ಕುಂತ್ರೆ ನೀರು ನಿಮ್ಮಪ್ಪ ಹಾಯಿಸ್ತಾನಾ? ಸದ್ದಲ್ಲೇ ರೋಗ ಹೇಳೋನು, ಇದೇನ್ಲಾ ಪರೀಕ್ಷೆಗೆ ಕುಂತೋನಂಗೆ ಗಡಿಯಾರ ನೋಡ್ತೀಯ?"

ನಕ್ಕೆ. ಆದರೆ ಆ ಕೊನೆಯ ಮಾತು ಚುಚ್ಚಿತು. ಸ್ವಿಚ್ ಎತ್ತಿದೆ. ಮೋಟರ್ ಓಡಲಿಲ್ಲ. ಇಷ್ಟೇ ತಾನೆ ಎಂದುಕೊಂಡೆ. ಸಂಜೆ ನನ್ನ ಹೆಸರಿನಲ್ಲಿ ಬರೆದೆ — ಅರ್ಧ ಗಂಟೆ ಕಾದು ನೋಡಿದೆ, ಸರಿಯಿದೆ.

ತೋವಿನಕೆರೆ ಕಡೆಯ ಈರಣ್ಣನ ತೋಟಕ್ಕೆ ಡಬ್ಬಿ ಹಾಕಿಕೊಟ್ಟವನೂ ನಾನೇ. "ಕೇಬಲ್ ಮುಟ್ಟೋವಾಗ ಫ್ಯೂಸ್ ಕೀಳ್ಬೇಕೇನಣ್ಣ?" ಎಂದು ಕೇಳಿದ್ದ. ನಾನು ಹೇಳಿದ್ದು — "ಫೋನಲ್ಲಿ ಆಫ್ ಮಾಡು, ಸಾಕು ಬುಡು. ನಾನೇ ನೋಡಿವ್ನಿ."

ಎರಡು ತಿಂಗಳಿಗೆ ಅವನ ಕೇಬಲ್ ಕೆಟ್ಟಿತು. ಫೋನಿನಲ್ಲಿ ಆಫ್ ಮಾಡಿ ಜಾಯಿಂಟ್ ಬಿಚ್ಚಿಕೊಂಡು ಕೂತ. ಆಮೇಲೆ ಕರೆಂಟ್ ಹೋಯಿತು, ಬಹಳ ಹೊತ್ತು ಇರಲಿಲ್ಲ. ಬಂತು. ಡಬ್ಬಿ ಮರೆತಿತ್ತು, ಅವನು ಹಿಡಿದಿದ್ದ ತಂತಿಗೆ ಕರೆಂಟ್ ಬಿಟ್ಟಿತು. ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಗಿಂತ ಮೇಲೆಯೇ ಕತ್ತರಿಸಿ ತೆಗೆದರು.

ಟ್ರಸ್ಟಿನವರು ಆ ಡಬ್ಬಿಯನ್ನು ತರಿಸಿ ಎಲ್ಲರ ಮುಂದೆ ನೋಡಿದರು. ಅರ್ಧ ಗಂಟೆ ಕರೆಂಟ್ ತೆಗೆದು ಕೊಟ್ಟರೆ ಮೋಟರ್ ತಾನೇ ಓಡಿತು. ಕಾರ್ಯದರ್ಶಿ ನನ್ನ ಕಡೆ ತಿರುಗಿ, ನೀವು ಕಾದಿದ್ದು ನಿಜ ತಾನೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀನು "ಮೇಷ್ಟ್ರು ಸುಳ್ಳು ಬರೆಯೋರಲ್ಲ ಸಾರ್" ಎಂದೆ. ಆಗಲೇ ಹೇಳಬೇಕಿತ್ತು. ಆಗ ಹೇಳಿದ್ದರೆ — ಆದರೆ ನನ್ನ ಬಾಯಿಂದ ಬಂದದ್ದು ಇದು:

"ಕಾದಿದ್ದೆ ಸಾರ್. ಓಡ್ಲಿಲ್ಲ. ನಂಗೆ ಕೊಟ್ಟ ಡಬ್ಬಿಲಿ ಇದ್ದಿದ್ದೇ ಬೇರೆ, ಊರಿಗೆ ಹೋದ ಡಬ್ಬಿಲಿ ಇರೋದೇ ಬೇರೆ ಇರ್ಬೇಕು."

ಡಬ್ಬಿಗಳಿಗೆಲ್ಲ ಸಾಫ್ಟ್‌ವೇರ್ ತುಂಬುತ್ತಿದ್ದವಳು ನೀನು. ಪಾಸಾದ ಮೇಲೆ ಯಾರಿಗೂ ಕಾಣದಂತೆ ಬದಲಾಯಿಸಿದ್ದಾಳೆ ಎಂದು ತೀರ್ಮಾನವಾಯಿತು. ಆ ಜನರ ನಡುವೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನೀನು ಜಗಳವಾಡಲಿಲ್ಲ. ಮೆಟ್ಟಿಲ ಹತ್ತಿರ ನಿಂತು, "ನಂಗೇ ಗೊತ್ತಿಲ್ದಂಗೆ ಏನಾದ್ರೂ ಬದಲಾಯಿಸಿಬಿಟ್ನಾ ಮೇಷ್ಟ್ರೇ?" ಎಂದು ಕೇಳಿದೆ. ನನ್ನನ್ನು ನಂಬಿ ನಿನ್ನನ್ನೇ ಅನುಮಾನಿಸಿಕೊಂಡೆ. ನಾನು ಚಪ್ಪಲಿ ಹುಡುಕುವವನಂತೆ ತಲೆ ಬಗ್ಗಿಸಿದೆ. ಅವತ್ತಿನಿಂದ ನೀನು ಅಲ್ಲಿಗೆ ಬಂದಿಲ್ಲ. ಬರೆಯುವುದನ್ನೇ ಬಿಟ್ಟೆಯಂತೆ.

ಹೋದ ತಿಂಗಳು ಈರಣ್ಣ ಸಿಕ್ಕಿದ್ದ. "ಎಡಗೈಲೇ ಬೀಡಿ ಹಚ್ಚೋದು ಕಲ್ತ್‌ಬುಟ್ಟೆ ಕಣಣ್ಣ, ನೋಡು" ಎಂದು ಹಚ್ಚಿ ತೋರಿಸಿದ. ಆಮೇಲೆ ಅಂದ: "ಆ ನಸ್ರೀನಮ್ಮ ವರ್ಷಕ್ಕೊಂದ್ ಸಲ ಬತ್ತದೆ. ತಪ್ಪಾಯ್ತು ಅಂತ ಅಳ್ತದೆ. ನಿಂದೇನೂ ತಪ್ಪಿಲ್ಲ ಬುಡಣ್ಣ, ನೀನು ನೋಡೇ ಹೇಳಿದ್ದೆ."

ನನ್ನ ತಪ್ಪಿಗೆ ನೀನು ಅಳುತ್ತಿದ್ದೀಯ — ಇಷ್ಟು ವರ್ಷದಿಂದ.

ನಿನ್ನೆ ಈರಣ್ಣನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಾಫಿ ಕೊಡಲು ಬಂದವನು ಲೋಟವನ್ನು ನೆಲದ ಮೇಲಿಟ್ಟು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಕಾದೆ. ಈ ಸಲ ಅರ್ಧ ಗಂಟೆಗಿಂತ ಹೆಚ್ಚೇ ಕಾದೆ.

ಅಲ್ಲಿಂದ ಟ್ರಸ್ಟಿಗೆ ಹೋದೆ. ಆವತ್ತು ಬರೆದದ್ದು ಹಾಗೇ ಇದೆ. ಅಳಿಸಲು ಬರುವುದಿಲ್ಲ, ಕೆಳಗೆ ಸೇರಿಸಬಹುದು. ಒಂದೊಂದೇ ಅಕ್ಷರ ಒತ್ತಿ ಸೇರಿಸಿದೆ: ಕಾದದ್ದು ಒಂದು ನಿಮಿಷ. ನಸ್ರೀನ್ ಏನನ್ನೂ ಬದಲಾಯಿಸಿಲ್ಲ.

ಅದರ ಕೆಳಗೆ, ನೋಡಿ ಪಾಸು ಮಾಡಿದವರ ಹೆಸರಿಗೆ ಜಾಗವಿದೆ. ಬರೆದವನೇ ಪಾಸು ಮಾಡುವಂತಿಲ್ಲ. ಖಾಲಿ ಬಿಟ್ಟು ಬಂದಿದ್ದೇನೆ.