ಅತ್ತೆ ಕಿತ್ತ ಹಾಳೆ

ನನ್ನ ಸೋದರತ್ತೆಗೆ ಪ್ರೇಮದ ಕಾದಂಬರಿಗಳೆಂದರೆ ಪ್ರಾಣ. ಓದಿದ ಹತ್ತರಲ್ಲಿ ಒಂಬತ್ತು ಅವಳಿಗೆ ವಾಕರಿಕೆ ತರಿಸುತ್ತಿದ್ದವು ಎಂಬುದೂ ಅಷ್ಟೇ ನಿಜ. ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಕಾದಂಬರಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಓದುವಾಗ ಅವಳ ಮುಖ ನೋಡಬೇಕು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಮೂಸಿ ನೋಡುವವರ ಮುಖ ಅದು. ಆದರೂ ಮರುದಿನ ಇನ್ನೊಂದು ಪುಸ್ತಕ ತೆರೆಯುತ್ತಿದ್ದಳು. ಈ ಸಲವಾದರೂ ಒಬ್ಬ ಮನುಷ್ಯ ಸಿಕ್ಕಾನು ಎಂಬ ಆಸೆ ಮೊದಲ ಪುಟದಲ್ಲಿ ಅವಳ ಕಣ್ಣಲ್ಲಿ ಕಾಣುತ್ತಿತ್ತು. ಎರಡನೆಯ ಅಧ್ಯಾಯದ ಹೊತ್ತಿಗೆ ಆರುತ್ತಿತ್ತು.

ಪುಸ್ತಕ ಹೊಲಿಯುವುದು ಅವಳ ಕೆಲಸ. ರಸ್ತೆಯ ಆಚೆ ಬದಿಯ ಬಾಡಿಗೆ ಲೈಬ್ರರಿಯಿಂದ ಬೆನ್ನು ಮುರಿದ, ಹಾಳೆ ಕಳಚಿದ ಕಾದಂಬರಿಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಹಳೆಯ ಅಂಟು ಕೆರೆದು, ಹಾಳೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿ ಹೊಲಿದು, ಬೆನ್ನಿಗೆ ರದ್ದಿ ಕಾಗದ, ಅದರ ಮೇಲೆ ಬಟ್ಟೆ ಅಂಟಿಸಿ ಒಂದು ದಿನ ಒತ್ತುಯಂತ್ರದಲ್ಲಿ ಇಡುತ್ತಿದ್ದಳು. ಕೊನೆಯಲ್ಲಿ ಒಂದು ಹೊಸ ಬಿಳಿ ಹಾಳೆ ಸೇರಿಸಬೇಕು. ಆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತನ್ನ ಅಭಿಪ್ರಾಯ ಬರೆಯುತ್ತಿದ್ದಳು. ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ ಎನ್ನುತ್ತಿದ್ದಳು.

"ನಾಯಕನಿಗೆ ಮೂರು ಕಾರುಗಳಿವೆ, ಕೆಲಸ ಒಂದೂ ಇಲ್ಲ. ಪುಟ ೫೮ರಲ್ಲಿ ಅವಳ ಜಡೆ ಹಿಡಿದೆಳೆದ. ಇಲ್ಲಿಗೆ ಮುಚ್ಚಿದೆ."

"ಅತ್ತಾಗ ಅವಳು ಇನ್ನೂ ಚೆಂದ ಕಂಡಳಂತೆ. ಅದಕ್ಕೇ ಮತ್ತೆ ಅಳಿಸಿದನಂತೆ. ಪುಟ ೯೩. ಮುಚ್ಚಿದೆ."

ಅಪರೂಪಕ್ಕೆ ಇಂಥದ್ದೂ ಇರುತ್ತಿತ್ತು: "ಅವಳಿಗೆ ಜ್ವರ ಬಂದಾಗ ಪಾತ್ರೆ ತೊಳೆದಿಟ್ಟ. ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಕೊನೆವರೆಗೂ ಓದಿದೆ."

ಮುಚ್ಚಿದೆ ಎಂದರೆ ಮುಚ್ಚಿದಳು, ಅಷ್ಟೇ. ಹೇಸಿಗೆ ಬಂದ ಪುಟವನ್ನು ಮಗುಚಿ ಮುಂದೇನಾಯಿತು ಎಂದು ಅವಳು ಒಮ್ಮೆಯೂ ನೋಡಿದವಳಲ್ಲ. ಅಂಗಡಿಯಲ್ಲಿ ಅವಳಿಗೆ ಕೈನೆರವಾಗುತ್ತಿದ್ದ ನಾನು ಕೇಳಿದರೆ, "ಹುಳ ಕಂಡ ಮೇಲೂ ಯಾರಾದ್ರೂ ಹಣ್ಣು ತಿಂತಾರೇನೇ?" ಎನ್ನುತ್ತಿದ್ದಳು.

ಹೀಗೇ ವರ್ಷಗಟ್ಟಲೆ ನಡೆಯಿತು. ಒಂದು ಮಧ್ಯಾಹ್ನ ಅವಳೇ ನಾಲ್ಕು ತಿಂಗಳ ಹಿಂದೆ ಹೊಲಿದಿದ್ದ ಪುಸ್ತಕವೊಂದು ಮತ್ತೆ ರಿಪೇರಿಗೆ ಬಂತು. ಅವಳ ಹೊಲಿಗೆ ಅಷ್ಟು ಬೇಗ ಬಿಡುವಂಥದಲ್ಲ. ಪುಸ್ತಕವನ್ನು ಬೆನ್ನ ಮೇಲೆ ನಿಲ್ಲಿಸಿ ಕೈಬಿಟ್ಟಳು. ಹೆಚ್ಚು ಸಲ ತೆರೆದ ಜಾಗದಲ್ಲಿ ಪುಸ್ತಕ ತಾನೇ ಬಾಯಿ ಬಿಡುತ್ತದೆ, ಇದು ಬೈಂಡಿಂಗಿನವರಿಗೆ ಗೊತ್ತಿರುವ ಪರೀಕ್ಷೆ. ಅದು ೫೮ಕ್ಕೆ ತೆರೆದುಕೊಂಡಿತು. ಅಂಚಿನಲ್ಲಿ ಹೆಬ್ಬೆರಳುಗಳ ಎಣ್ಣೆ ಜಿಡ್ಡು. ಚೀಲದಿಂದ ಇನ್ನೊಂದು ತೆಗೆದಳು. ೯೩. ಅಲ್ಲೂ ಅದೇ ಜಿಡ್ಡು.

ಲೈಬ್ರರಿಯವರು ಬಂದಾಗ ಎರಡನ್ನೂ ಅವರ ಮುಂದೆ ಹಿಡಿದಳು.

"ಅದಾ?" ಅವರು ನಕ್ಕರು. "ನಿಮ್ಮ ಬರಹ ಇಲ್ಲದ ಪುಸ್ತಕ ಈಗ ಯಾರೂ ಮುಟ್ಟಲ್ಲ ಅಕ್ಕಾವ್ರೇ. ಮೊದ್ಲು ಹಿಂದಿನ ಹಾಳೆ ತೆಗೀತಾರೆ, ನಂಬರ್ ನೋಡ್ತಾರೆ, ಸೀದಾ ಅಲ್ಲಿಗೇ."

"ಓದಬೇಡಿ ಅಂತ ಬರೆದಿದ್ದು ನಾನು!"

"ಅದಕ್ಕೇ ಓದ್ತಾರೆ. ನೀವು ಬೈದ್ರೆ ಎರಡು ವಾರ ಮೊದ್ಲೇ ಹೆಸರು ಬರೆಸ್ತಾರೆ."

"ನಿಮಗೆ ನಗು ಬೇರೆ ಬರುತ್ತಾ?"

"ವ್ಯಾಪಾರ ನಡೀತಿದೆ ಅಕ್ಕಾವ್ರೇ, ಕೂತು ಅಳ್ಲಾ?"

ಅವರು ಹೋದ ಮೇಲೆ ಅತ್ತೆ ನಲ್ಲಿಯಡಿ ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದಳು. ಎಷ್ಟು ತೊಳೆದರೂ ಸಮಾಧಾನವಾದಂತೆ ಕಾಣಲಿಲ್ಲ.

ಅದೇ ವಾರ ಹಡಗಿನ ಕ್ಯಾಪ್ಟನ್ ಒಬ್ಬನ ಕಾದಂಬರಿ ಬಂತು. ನೂರ ಹನ್ನೊಂದನೆಯ ಪುಟದಲ್ಲಿ ಅವನು ಓಣಿಯಲ್ಲಿ ಹುಡುಗಿಯ ಮಣಿಕಟ್ಟು ಹಿಡಿದು, "ನಿನ್ನ ಬೇಡ ಅನ್ನುವ ಮಾತಿನಲ್ಲಿ ನನಗೆ ಬೇಕು ಎಂದೇ ಕೇಳಿಸುತ್ತದೆ" ಎನ್ನುತ್ತಾನೆ. ಅತ್ತೆ ಪುಸ್ತಕ ಮುಚ್ಚಿದಳು. ಎಂದಿನಂತೆ ಪೆನ್ಸಿಲ್ ತೆಗೆದು, "ಪುಟ ೧೧೧: ಕೈ ಹಿಡಿದ, ದಾರಿ ಬಿಡಲಿಲ್ಲ. ಇಲ್ಲಿಗೆ ಮುಚ್ಚಿದೆ" ಎಂದು ಬರೆದಳು. ಆಮೇಲೆ ಎಂದೂ ಮಾಡದ ಕೆಲಸ ಮಾಡಿದಳು. ಬುಡದಲ್ಲಿ ಕಡ್ಡಿಯಷ್ಟು ಅಂಚು ಬಿಟ್ಟು ನೂರ ಹನ್ನೊಂದನೆಯ ಪುಟದ ಹಾಳೆಯನ್ನೇ ಬ್ಲೇಡಿನಿಂದ ಕೊಯ್ದು ತೆಗೆದಳು. ಉದ್ದಕ್ಕೆ ಎರಡಾಗಿ ಸೀಳಿ, ಆಗ ಕೈಯಲ್ಲಿದ್ದ ಶಾಲೆಯೊಂದರ ದಪ್ಪ ನಿಘಂಟಿನ ಬೆನ್ನಿಗೆ ರದ್ದಿಯ ಜೊತೆ ಅಂಟಿಸಿಬಿಟ್ಟಳು.

"ಹುಡುಕಲಿ ಈಗ. ನೂರ ಹತ್ತಾದ ಮೇಲೆ ಸೀದಾ ನೂರ ಹದಿಮೂರು. ಬಾಯಿ ಬಿಟ್ಕೊಂಡು ಕೂರ್ಲಿ," ಎಂದಳು. ಆ ಖುಷಿ ನನಗೆ ಹಿಡಿಸಲಿಲ್ಲ, ಹೇಳುವ ಧೈರ್ಯವೂ ಬರಲಿಲ್ಲ.

ಹಾಳೆ ಹುಡುಕಿಕೊಂಡು ಬಂದದ್ದು ಹಲ್ಲಿನ ಕ್ಲಿನಿಕ್ಕಿನ ನರ್ಸು. ಮುಂದಿನ ವಾರ, ಗುರುವಾರ ಊಟದ ಹೊತ್ತು. ತಿಳಿಹಸಿರು ಸಮವಸ್ತ್ರದಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಅಕ್ಕಾ, ಇದರಲ್ಲಿ ಒಂದು ಹಾಳೆ ಇಲ್ಲ."

"ಇಲ್ಲದಿದ್ರೆ ಉಳಿದದ್ದು ಓದು. ಅದೊಂದೇ ಬೇಕಾ ನಿಮಗೆಲ್ಲ? ಓದಿದೋರು, ಕೆಲಸದಲ್ಲಿರೋರು, ನಾಚಿಕೆ ಆಗ್ಬೇಕು."

ನರ್ಸಿನ ಕಿವಿ ಕೆಂಪಾಯಿತು. ಆದರೆ ಹೋಗಲಿಲ್ಲ.

"ಉಳಿದದ್ದೆಲ್ಲ ಓದಿದೀನಿ. ನೂರ ಹತ್ತರಲ್ಲಿ ಅವನು ಅಡ್ಡ ನಿಲ್ತಾನೆ. ನೂರ ಹದಿಮೂರರಲ್ಲಿ ಇಬ್ರೂ ಮದುವೆಗೆ ಹೂವು ಆರಿಸ್ತಿದಾರೆ. ಮಧ್ಯದಲ್ಲಿ ಅವಳು ಏನೋ ಹೇಳಿರ್ಬೇಕು ಅಲ್ವಾ ಅಕ್ಕ? ಅವನು ಬದಲಾಗೋ ಅಂಥ ಮಾತು? ಆ ಮಾತು ಯಾವ್ದು ಅಂತ ನೋಡ್ಬೇಕಿತ್ತು."

"ನೋಡಿ ಏನ್ಮಾಡ್ತೀಯಾ?"

ಅವಳು ಸ್ಟೂಲು ಎಳೆದುಕೊಂಡು ಕೂತಳು. ಕ್ಲಿನಿಕ್ಕಿಗೆ ಸೂಜಿ, ಕೈಗವಸು ತಂದುಕೊಡುವ ಕಂಪನಿಯವನೊಬ್ಬ ಇದ್ದ. ಬ್ಯಾಗಿನವನು ಎಂದಷ್ಟೇ ಹೇಳಿದಳು. ಮಂಗಳವಾರಗಳಲ್ಲಿ ಬರುತ್ತಾನೆ. ಸಾಮಾನಿನ ಕೋಣೆಗೆ ಅವಳು ಹೋದರೆ ಬಾಗಿಲಲ್ಲಿ ನಿಲ್ಲುತ್ತಾನೆ. ಗಂಟೆ ಎಷ್ಟಾಯಿತು ಎಂದು ಅವಳ ಕೈಗಡಿಯಾರ ನೋಡಲು ಮಣಿಕಟ್ಟು ಹಿಡಿಯುತ್ತಾನೆ. ಗಂಟೆ ನೋಡಿಯಾದ ಮೇಲೂ ಬಿಡುವುದಿಲ್ಲ. ಈಗ ಮನೆಗೇ ಬಂದು ಹೆಣ್ಣು ಕೇಳಿದ್ದಾನೆ.

"ಅತ್ತಿಗೆ ಕುಣೀತಿದಾರೆ. ಶನಿವಾರ ಉತ್ತರ ಹೇಳ್ಬೇಕು. ಗಂಡಸ್ರು ಮೊದ್ಲು ಹಾಗೇ, ಸರಿಯಾಗಿ ಮಾತಾಡಿದ್ರೆ ಸರಿ ಹೋಗ್ತಾರೆ ಅಂತಾರೆ. ನನಗೆ ಆ ಸರಿಯಾದ ಮಾತು ಬರಲ್ಲ ಅಕ್ಕ. ಇದರಲ್ಲಿ ಅವನು ಆಮೇಲೆ ಎಷ್ಟು ಒಳ್ಳೇವನಾಗ್ತಾನೆ ಗೊತ್ತಾ? ಒಂದು ಮಾತಿನಿಂದ ಹಾಗೆ ಆಗೋದಾದ್ರೆ ನಾನೂ ಹೂಂ ಅಂದ್ಬಿಡ್ತೀನಿ." ಅತ್ತೆಯತ್ತ ಬಾಗಿ ಕೇಳಿದಳು: "ನೀವು ಓದಿದೀರಲ್ಲ, ಏನಂದ್ಲು ಅವಳು?"

ಅತ್ತೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

"ಗೊತ್ತಿಲ್ಲ. ನಾನೂ ಓದಿಲ್ಲ."

"ಹಿಂದೆ ಅಭಿಪ್ರಾಯ ಬರೆದಿದೀರಲ್ಲ?"

"ಅಲ್ಲೀವರೆಗೆ ಮಾತ್ರ."

"ಮತ್ತೆ ಆ ಹಾಳೆ ಎಲ್ಲೋಯ್ತು?"

"ನಾನೇ ಕಿತ್ತೆ."

ನರ್ಸು ಹಾಳೆ ಕಿತ್ತ ಜಾಗ ತೆರೆದು ನೋಡಿದಳು. ಬೈದಿದ್ದರೆ ಅತ್ತೆಗೆ ಹಗುರಾಗುತ್ತಿತ್ತೋ ಏನೋ. ಇಷ್ಟು ವರ್ಷ ಅರ್ಧ ಓದಿ ತೀರ್ಪು ಬರೆದವಳ ಮುಂದೆ, ಕಾದಂಬರಿಯನ್ನು ಪೂರ್ತಿ ನಂಬಿದವಳೊಬ್ಬಳು ಕೈ ಕಟ್ಟಿ ಕೂತಿದ್ದಳು. ಕಾದಂಬರಿ ಓದುವಾಗಿನ ಆ ಹೇಸಿಗೆ ಅತ್ತೆಯ ಮುಖದಲ್ಲಿ ಮತ್ತೆ ಕಂಡಿತು. ಈ ಸಲ ಅದು ಪುಸ್ತಕದ ಮೇಲಲ್ಲ, ತನ್ನ ಮೇಲೇ.

ಎದ್ದು, ಶಾಲೆಯವರು ಇನ್ನೂ ಒಯ್ಯದಿದ್ದ ನಿಘಂಟನ್ನು ಕಪಾಟಿನಿಂದ ತೆಗೆದಳು. ಬೆನ್ನಿನ ಬಟ್ಟೆ ಬಿಚ್ಚಿದಳು, ಅರ್ಧ ದಿನದ ಕೆಲಸ ಹಾಳು. ಒದ್ದೆ ಬಟ್ಟೆ ಹಾಸಿ ಹಿಟ್ಟಿನ ಅಂಟು ಮೆತ್ತಗಾಗುವವರೆಗೆ ಕಾದಳು. ಹುಳಿ ವಾಸನೆ ಕೋಣೆ ತುಂಬಿತು. ಉಗುರಿನ ತುದಿಯಿಂದ ಮೊದಲು ಒಂದು ಸೀಳು, ಆಮೇಲೆ ಇನ್ನೊಂದು, ಹರಿಯದಂತೆ ಎಬ್ಬಿಸಿ, ಅಂಟು ಒರೆಸಿ, ಮೇಜಿನ ಗಾಜಿನ ಮೇಲೆ ಅಂಚಿಗೆ ಅಂಚು ಕೂಡಿಸಿಟ್ಟಳು. ನೂರ ಹನ್ನೊಂದು. ಇಬ್ಬರೂ ಓದಿದರು. ಅತ್ತೆ ಸೀಳುಗಳನ್ನು ಮಗುಚಿದಳು. ನೂರ ಹನ್ನೆರಡನ್ನು ನರ್ಸು ಸಣ್ಣ ದನಿಯಲ್ಲಿ ಓದಿದಳು:

"ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ತಾನು ಯಾರಿಂದ ಓಡುತ್ತಿದ್ದೆ ಎಂಬುದೇ ಅವಳಿಗೆ ಮರೆತುಹೋಯಿತು. ಇನ್ನು ಮಾತು ಬೇಕಿರಲಿಲ್ಲ. ಅವನ ಎದೆಗೆ ತಲೆಯಿಟ್ಟಳು."

ಅಲ್ಲಿಂದ ಪುಟದ ಕೊನೆಯವರೆಗೆ ಸಮುದ್ರದ ವರ್ಣನೆ.

"ಇಷ್ಟೇನಾ?" ನರ್ಸು ಸೀಳುಗಳನ್ನು ತಾನೇ ಇನ್ನೊಮ್ಮೆ ಮಗುಚಿ ನೋಡಿದಳು. "ಅವಳು ಏನೂ ಹೇಳೋದೇ ಇಲ್ಲ?"

"ಇಲ್ಲ."

"ಮತ್ತೆ ಅವನು ಯಾಕೆ ಒಳ್ಳೇವನಾದ?"

"ಆದ್ನಾ ನಿಜವಾಗ್ಲೂ? ತೆಗಿ, ಆ ಹೂವು ಆರಿಸೋದನ್ನ ಓದು."

ನರ್ಸು ಪುಸ್ತಕ ತೆರೆದು ನೂರ ಹದಿಮೂರರ ಮೇಲೆ ಬೆರಳಾಡಿಸಿದಳು. "'ಅವಳ ಮಣಿಕಟ್ಟು ಹಿಡಿದೇ ಅಂಗಡಿಯೊಳಗೆ ನಡೆಸಿಕೊಂಡು ಹೋದ. ಬಿಳಿ ಹೂವು ಅವಳಿಗೆ ಇಷ್ಟ. ಅವನು ಕೆಂಪನ್ನು ಆರಿಸಿದ.'" ಬೆರಳು ಅಲ್ಲೇ ನಿಂತಿತು. "ಇದನ್ನ ನಾನು ಎರಡು ಸಲ ಓದಿದೀನಿ ಅಕ್ಕ. ಕಣ್ಣಿಗೆ ಬೀಳಲೇ ಇಲ್ಲ."

"ನನ್ನ ಕಣ್ಣಿಗೂ ಬಿದ್ದಿಲ್ಲ. ನಾನು ಅಲ್ಲೀತನಕ ಬರೋದೇ ಇಲ್ವಲ್ಲ."

"ಥೂ," ಎಂದಳು ನರ್ಸು. ಬೆರಳಿಗೆ ಹತ್ತಿದ ಅಂಟನ್ನು ಮೇಜಿನ ಅಂಚಿಗೆ ಒರೆಸಿಕೊಂಡಳು.

ಅತ್ತೆ ಸೀಳುಗಳನ್ನು ರದ್ದಿಯ ಬುಟ್ಟಿಯತ್ತ ತಳ್ಳಿದಳು. ನರ್ಸು ಅಡ್ಡ ಕೈಯಿಟ್ಟಳು.

"ಬೇಡ, ವಾಪಸ್ ಅಂಟಿಸಿ. ಇಲ್ಲ ಅಂದ್ರೆ ಅಲ್ಲೇನೋ ಒಳ್ಳೇದು ಇತ್ತು ಅಂತ ಅನ್ಸುತ್ತೆ."

ಅತ್ತೆ ತೆಳು ಕಾಗದದ ಪಟ್ಟಿ ಕತ್ತರಿಸಿಕೊಂಡಳು. ಸೀಳುಗಳನ್ನು ಕೂಡಿಸಿ, ಬುಡದಲ್ಲಿ ಉಳಿದಿದ್ದ ಅಂಚಿಗೆ ಹಾಳೆಯನ್ನು ಅಂಟಿಸತೊಡಗಿದಳು. ನರ್ಸು ಬಾಗಿಲ ಹತ್ತಿರ ಹೋಗಿ ಫೋನ್ ಮಾಡಿದಳು.

"ಅತ್ತಿಗೆ, ಶನಿವಾರದ ತನಕ ಕಾಯೋದು ಬೇಡ. ಆಗಲ್ಲ ಅಂತ ಹೇಳಿಬಿಡಿ... ಇಲ್ಲ, ಯಾರೂ ಹೇಳಿಕೊಟ್ಟಿಲ್ಲ... ಹೂಂ, ಒಳ್ಳೇ ಮನೆತನ. ಮನೆತನ ಬಂದು ನನ್ನ ಕೈ ಹಿಡಿಯಲ್ಲ ಅತ್ತಿಗೆ, ಇವನು ಹಿಡೀತಾನೆ. ಎಷ್ಟು ಸಲ ಅಂತ ಅಣ್ಣನಿಗೆ ನಾನೇ ಹೇಳ್ತೀನಿ."

ಆ ಕಡೆಯ ಮಾತು ಬಹಳ ಹೊತ್ತು ನಡೆಯಿತು. ನರ್ಸು ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದು ನಿಂತಿದ್ದಳು. ಇಟ್ಟ ಮೇಲೆ ಬಂದು ಮತ್ತೆ ಸ್ಟೂಲಿನ ಮೇಲೆ ಕೂತಳು.

"ಮಂಗಳವಾರ ಅವನು ಎಷ್ಟು ಗಂಟೆಗೆ ಬರ್ತಾನೆ?" ಅತ್ತೆ ತಲೆ ಎತ್ತದೆ ಕೇಳಿದಳು.

"ಹನ್ನೊಂದಕ್ಕೆ. ಯಾಕಕ್ಕಾ?"

"ಒಂದು ದವಡೆ ಹಲ್ಲು ತೋರಿಸೋದಿತ್ತು. ಹತ್ತೂವರೆಗೇ ಬಂದು ಕೂರ್ತೀನಿ. ಸಾಮಾನಿನ ಕೋಣೆ ಬಾಗಿಲಿಗೆ ಎದುರಾಗಿ ಒಂದು ಕುರ್ಚಿ ಹಾಕ್ಸು."