ನಾನು ತೆಗೆದ ಸುತಳಿ

ಹುಸೇನಸಾಬ್ರೇ, ಅವತ್ತು ಫರಸಿಕಲ್ಲುಗಳ ನಡುವೆ ಸುತಳಿ ಇಡಲು ನೀವು ಮರೆತಿರಲಿಲ್ಲ. ನೀವು ಇಟ್ಟಿದ್ದಿರಿ, ತೆಗೆದವನು ನಾನು. ನಿಮ್ಮ ಬಲಗೈಯ ಬೆರಳುಗಳು ಹೋದದ್ದು ನನ್ನಿಂದ — ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾದವು, ಥೂ!

ಎಮರ್ಜನ್ಸಿಯ ಬೇಸಿಗೆ ಅದು. ಇಳಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ನೀವು ಕೆಂಪು ಗ್ರಾನೈಟ್ ಉಜ್ಜುವವರು, ನಾನು ಮೇಲ್ವಿಚಾರಕ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೇನೆಂಬ ಕೊಬ್ಬು ಬೇರೆ. ಪಾಲಿಶ್ ಆದ ಫರಸಿಯ ಮೇಲೆ ಇನ್ನೊಂದನ್ನು ಮುಖಕ್ಕೆ ಮುಖ ಕೊಟ್ಟು ಇಡುವಾಗ ನಡುವೆ ಸೆಣಬಿನ ಸುತಳಿ ಹಾಸುವುದು ನಮ್ಮಲ್ಲಿನ ರೂಢಿ. ಇಲ್ಲದಿದ್ದರೆ ಅವು ಕಚ್ಚಿಕೊಳ್ಳುತ್ತವೆ. ಒರಟು ಕಲ್ಲುಗಳ ನಡುವೆ ಗಾಳಿಗೆ ಜಾಗವಿರುತ್ತದೆ. ಕನ್ನಡಿಯಷ್ಟು ನುಣುಪಾದವುಗಳ ನಡುವೆ ಅದಿಲ್ಲ. ಇದ್ದಬದ್ದ ಸಂದನ್ನೂ ನೀರಿನ ಪಸೆ ತುಂಬಿಕೊಂಡು ಎರಡನ್ನೂ ಹಿಡಿಯುತ್ತದೆ, ಹೊರಗಿನ ಗಾಳಿ ಎರಡೂ ಕಡೆಯಿಂದ ಒತ್ತುತ್ತದೆ. ಪಕ್ಕಕ್ಕೆ ಜಾರಿಸಿದರೆ ಬಿಡುತ್ತವೆ, ಮೇಲಕ್ಕೆ ಎಳೆದರೆ ಬಿಡುವುದಿಲ್ಲ. ಎಲ್ಲಿಯಾದರೂ ಅಂಚಿನಲ್ಲಿ ಗಾಳಿ ನುಗ್ಗಿತೋ — ತಟ್ಟನೆ ಬಿಟ್ಟುಕೊಳ್ಳುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಬಾಗಲಕೋಟೆಯಿಂದ ಗಿರಾಕಿಯೊಬ್ಬರು ಬರುವವರಿದ್ದರು. ನಮ್ಮ ಪಾಲಿಶ್ ಕಂಡು ಅವರು ಬಾಯಿ ಬಿಡಬೇಕು, ಕಾರ್ಖಾನೆಯ ಸಾವಕಾರರು ನನ್ನ ಬೆನ್ನು ತಟ್ಟಬೇಕು — ಅಷ್ಟೇ ನನ್ನ ಆಸೆ. ನೀವು ಬರುವ ಮೊದಲೇ ಮೇಜಿನ ಮೇಲೆ ನೀವು ಜೋಡಿಸಿಟ್ಟಿದ್ದ ಎರಡು ಫರಸಿಗಳಲ್ಲಿ ಮೇಲಿನದನ್ನು ಹಾರೆಯಿಂದ ಮೀಟಿ, ಸುತಳಿ ಎಳೆದುಕೊಂಡು, ನೀರು ಸುರಿದು ಒತ್ತಿಟ್ಟೆ. ಮೇಲಿನದನ್ನು ಎತ್ತಿದರೆ ಕೆಳಗಿನದೂ ಎದ್ದು ಬರುವ ತಮಾಷೆ ತೋರಿಸಬೇಕಿತ್ತು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರಿ, ಆಮೇಲೆ ಗಿರಾಕಿಯ ಮುಂದೆ ನನ್ನ ಮುಖ...

ಗಿರಾಕಿ ಬಂದು ನಿಂತಾಗ “ಎತ್ರಿ ಹುಸೇನಸಾಬ್ರ” ಎಂದೆ. ನೀವೂ ಜೊತೆಯವನೂ ಎತ್ತಿದಿರಿ. ಕೆಳಗಿನದೂ ಬಂತು. ಗಿರಾಕಿ “ಅಬ್ಬಬ್ಬಾ!” ಎಂದರು, ನಾನು ಹಿಗ್ಗಿದೆ. ಅಷ್ಟರಲ್ಲಿ ಒಂದು ಅಂಚು ಬಿಟ್ಟಿತು. ಅಷ್ಟು ಉಜ್ಜಿದ ಕಲ್ಲು ಒಡೆದೀತೆಂದು ನೀವು ಒಂದು ಕೈ ಕೆಳಗೆ ಚಾಚಿದಿರಿ.

ಚೀರಾಟ ಕೇಳಿ ಸಾವಕಾರರು ಓಡಿ ಬಂದರು. “ಸುತಳಿ ಎಲ್ಲೈತಿ? ಯಾಕ ಇಟ್ಟಿದ್ದಿಲ್ಲ?”

“ಹುಸೇನಸಾಬ್ರು ಮರ್ತಾರ್ರಿ,” ಎಂದೆ.

ಹಸಿ ಸುತಳಿ ನನ್ನ ಕಿಸೆಯಲ್ಲೇ ಇತ್ತು, ತೊಡೆಗೆ ತಣ್ಣಗೆ ಹತ್ತಿಕೊಂಡಿತ್ತು. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆ ನಾಲಿಗೆಯನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ, ಅದೇ ನಾಲಿಗೆಯಿಂದ ಊಟ ಮಾಡುತ್ತೇನಲ್ಲ ಎಂದು.

ದವಾಖಾನೆಯಲ್ಲಿ ನೀವು ನನ್ನನ್ನೇ ಕೇಳಿದಿರಿ, “ಸುತಳಿ ಇಟ್ಟಿದ್ದೆ ಅನಸ್ತೈತಿ... ಇಟ್ಟಿದ್ದಿಲ್ಲೇನ್ರಿ?”

“ಇಲ್ರಿ, ಮರ್ತಿದ್ರಿ.”

ನೀವು ನಂಬಿದಿರಿ! ನಿಮ್ಮ ಕೈ ಮಾಡಿದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ. ಕೆಲಸ ಹೋಯಿತು, ಹುನಗುಂದಕ್ಕೆ ಹೋದಿರಿ. ಸಾವಕಾರರಿಗೆ ಹೇಳಿ ದವಾಖಾನೆಯ ಖರ್ಚು ಕೊಡಿಸಿದ ಪುಣ್ಯಾತ್ಮನೆಂದು ನಿಮ್ಮ ಮನೆಯವರು ನನಗೆ ರಂಜಾನ್ ಬಂದಾಗಲೆಲ್ಲ ಶಾವಿಗೆಯ ಸುರಕುಂಬಾ ಕಳಿಸಿದರು. ನಾನು ತಿಂದೆ — ಬಟ್ಟಲು ನೆಕ್ಕಿ ತಿಂದೆ. ಎಂಥ ಜನ್ಮ ನನ್ನದು!

ಕಳೆದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ. ಪಾಲಿಶ್ ಕೆಲಸಕ್ಕೆ ಸೇರಲಿದ್ದ ಅಳಿಯನಿಗೆ ನೀವು ಆ ಮೊಂಡು ಕೈ ತೋರಿಸಿದಿರಿ. “ನನ್ನಂಗ ಮೈಮರೀಬ್ಯಾಡಪಾ. ಖರೆ ಅನಸಲಿಲ್ಲಂದ್ರ ಇವರ್ನ ಕೇಳು, ಇವರೇ ಸಾಕ್ಷಿ.” ಅವನು ನನ್ನತ್ತ ನೋಡಿದ. ನಾನು — ಹೌದೆಂದು ತಲೆಯಾಡಿಸಿದೆ. ಚಹಾ ಕುಡಿದು ಎದ್ದೆ.

ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಬರುತ್ತೇನೆ. ಅಳಿಯನೂ ಇರಲಿ, ನಿಮ್ಮ ಮನೆಯವರೂ ಇರಲಿ. ಎಲ್ಲರೆದುರು ನಾನೇ ಹೇಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ, ಹುಸೇನಸಾಬ್ರೇ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.