ತೊಗರಿ ಕಿತ್ತ ಸಾಲು

“ಅಯ್ಯ ಸಾಹೇಬ್ರ, ಆ ತೊಗರಿ ನಾನ ಹಾಕೇನ್ರಿ! ಅದರ ಬೇರಿಗೆ ಬಾಯಿ ಹಚ್ಚೇ ಗಂಧದ ಸಸಿ ಉಣ್ಣತೈತಿ. ಊಟಾನ ಕಿತ್ತು ಒಗದ್ರಲ್ಲಾ!”

ಹಾನಗಲ್ ಬಳಿಯ ನರ್ಸರಿಯಲ್ಲಿ ಸಸಿಗಳಿಗೆ ನೀರುಣಿಸುವ ಗಂಗವ್ವ ಹೀಗೆ ಕೂಗಿದಾಗ, ಕಾಲೇಜಿನಿಂದ ಬೇಸಿಗೆ ತರಬೇತಿಗೆ ಬಂದಿದ್ದ ನಾನು ಶಹಬ್ಬಾಸಿಗಾಗಿ ಎದೆಯುಬ್ಬಿಸಿ ನಿಂತಿದ್ದೆ. ನಮ್ಮದು ಹಿರೇಕೆರೂರು ಕಡೆಯ ಒಕ್ಕಲುತನದ ಮನೆ. ಬೆಳೆಯ ಪಕ್ಕ ಬೇರೇನು ತಲೆ ಎತ್ತಿದರೂ ಕೀಳುವುದು ನಮ್ಮ ಕುಲಾಚಾರ. ಶ್ರೀಗಂಧದ ಪ್ರತಿ ಚೀಲದಲ್ಲೂ ತೊಗರಿ ಕಂಡಿತ್ತು. ಯಾರೋ ಬೇಜವಾಬ್ದಾರಿಯಿಂದ ಬೀಜ ಚೆಲ್ಲಿದ್ದಾರೆಂದು ತೀರ್ಪು ಕೊಟ್ಟು, ಇಡೀ ಒಂದು ಸಾಲನ್ನು ಶುದ್ಧಗೊಳಿಸಿದ್ದೆ.

ಗಂಗವ್ವ ಬೈಯುತ್ತ ಕೂರಲಿಲ್ಲ. ಬೇರು ಹರಿಯದ ತೊಗರಿಯನ್ನು ಮರಳಿ ಊರಿ, ಉಳಿದ ಚೀಲಗಳಿಗೆ ಹೊಸ ಬೀಜ ಹಾಕಿದರು.

“ಬದುಕತಾವ ಹೌದಿಲ್ಲೋ ಯವ್ವಾ?” ಎಂದೆ.

“ನನ್ನ ಕೇಳಿದ್ರ? ಅವನ್ನ ಕೇಳ್ರಿ.”

ವಾರ ಕಳೆಯುವಷ್ಟರಲ್ಲಿ ಸಾಲು ಹಳದಿಗೆ ತಿರುಗತೊಡಗಿತು. ದಿನವೂ ಬಿಸಿಲೇರುವ ಮುನ್ನ ಹೋಗಿ, ಐಸಿಯು ಹೊರಗೆ ಕೂತ ಬೀಗರಂತೆ ಒಂದೊಂದು ಎಲೆಯ ಕ್ಷೇಮ ನೋಡುತ್ತಿದ್ದೆ. ಗಂಧದ ಬೀಜ ಮೊಳೆಯಿಸಲು ಗಂಗವ್ವ ಪಟ್ಟ ಪಾಡನ್ನು ಜೊತೆಯವರು ಹೇಳಿದ ಮೇಲೆ ಸಂಜೆಯೂ ಒಂದು ಸುತ್ತು ಹೋಗತೊಡಗಿದೆ. ಮೂರು ಸಸಿ ಸತ್ತವು. ಉಳಿದವು ತರಬೇತಿ ಮುಗಿಯುವ ಹಿಂದಿನ ದಿನ ಚಿಗುರಿದವು.

ಈಗ ಹೊಲಕ್ಕಿಳಿದರೆ ಯಾವುದೇ ಗಿಡ ಕೀಳುವ ಮುನ್ನ, ಇದನ್ನಿಲ್ಲಿ ಯಾರು, ಯಾಕೆ ಹಚ್ಚಿರಬಹುದೆಂದು ಯೋಚಿಸುತ್ತ ನಿಲ್ಲುತ್ತೇನೆ. ಇದು ಕೆಲಸ ತಪ್ಪಿಸಲು ಓದಿದವರು ಕಂಡುಹಿಡಿದ ಹೊಸ ಉಪಾಯವೆಂದು ಅಪ್ಪ ದೃಢವಾಗಿ ನಂಬಿದ್ದಾರೆ.